ಮಹಡಿ ಮೇಲಿನ ಸೊನ್ನೆ

ಆರು ವರ್ಷಗಳ ಕಾಲ ಆ ಅಂಗಡಿಯ ಯಂತ್ರ ಹೊಗೆಯನ್ನೇ ಶುದ್ಧ ಗಾಳಿ ಎಂದು ಲೆಕ್ಕ ಹಿಡಿಯಿತು. ಆ ಲೆಕ್ಕದ ಮೇಲೆ ಸ್ಕೂಲ್ ವ್ಯಾನುಗಳಿಗೆ ಹೊಗೆ ತಪಾಸಣೆಯ ಸರ್ಟಿಫಿಕೇಟ್ ಕೊಡಲಾಯಿತು. ಆ ವ್ಯಾನುಗಳಲ್ಲಿ ಮಕ್ಕಳು ದಿನಾ ಎರಡು ಹೊತ್ತು ಕೂತು ಹೋಗಿಬಂದರು.

ಬೀದಿದೀಪ ಇನ್ನೂ ಆರಿಲ್ಲ. ಟೈರ್ ಅಂಗಡಿಗೂ ಬೀಗದ ಕೈ ಮಾಡುವವನ ಗೂಡಂಗಡಿಗೂ ನಡುವೆ ಒತ್ತಿಕೊಂಡು ನಿಂತ ಮನೆಯ ತಾರಸಿಯ ಮೇಲೆ ಒಬ್ಬ ಹೆಂಗಸು ತಂತಿಗೆ ಹಾಕಿದ ಟವೆಲನ್ನೇ ನೋಡುತ್ತ ನಿಂತಿದ್ದಾರೆ. ಅದು ಒಣಗಿದೆಯೋ ಇಲ್ಲವೋ ಇವರಿಗೆ ಬೇಕಿಲ್ಲ. ಯಾವ ಕಡೆಗೆ ಅಲ್ಲಾಡುತ್ತಿದೆ ಎಂಬುದು ಬೇಕು. ರಸ್ತೆಯ ಕಡೆಗೆ ಅಲ್ಲಾಡಿದರೆ ಒಳ್ಳೆಯದು, ಗಾಳಿ ಹಿತ್ತಲಿನಿಂದ ಬರುತ್ತಿದೆ ಎಂದರ್ಥ. ಕೈಯಲ್ಲಿರುವ ಪ್ಲಾಸ್ಟಿಕ್ ಪೈಪಿನ ಬಾಯನ್ನು ಹಿತ್ತಲ ಕಡೆಯ ಕಂಬಕ್ಕೆ ಬಟ್ಟೆ ಕ್ಲಿಪ್ಪಿನಿಂದ ಸಿಕ್ಕಿಸುತ್ತಾರೆ. ಪಕ್ಕದಲ್ಲಿ ಮೀನಿನ ತೊಟ್ಟಿಯ ಪುಟ್ಟ ಪಂಪು ಬೆಕ್ಕಿನ ಮರಿಯ ಹಾಗೆ ಗುರುಗುಟ್ಟುತ್ತಿದೆ. ಪೈಪು ಅಡುಗೆಮನೆಯ ಕಿಟಕಿ ದಾಟಿ, ಗೋಡೆಗುಂಟ ಇಳಿದು, ಕೆಳಗಿನ ಅಂಗಡಿಯ ಶಟರಿನ ಸಂದಿಯಲ್ಲಿ ತೂರಿ, ವಾಹನಗಳ ಹೊಗೆ ಅಳೆಯುವ ಯಂತ್ರದ ಬೆನ್ನಿಗೆ ಹೋಗಿ ಸೇರುತ್ತದೆ.

ಅಡುಗೆಮನೆಯ ಕಿಟಕಿಯಿಂದ ಇವರ ಅತ್ತೆಯ ದನಿ ಮೇಲೇರುತ್ತದೆ: "ಊರೋರೆಲ್ಲಾ ಮಹಡಿಗೆ ನೀರು ಏರಿಸ್ತಾರೆ. ನಮ್ಮನೆ ಸೊಸೆ ಮಹಡಿಯಿಂದ ಗಾಳಿ ಇಳಿಸ್ತಾಳೆ. ಇಳಿಸಾಯ್ತೇನೇ? ಚಹಾ ಆರೋಗ್ತಿದೆ."

"ಬಂದೆ ಅತ್ತೆ. ರಸ್ತೆ ಏಳೋದ್ರೊಳಗೆ ಒಂದಿಷ್ಟು ತುಂಬ್ಕೊಂಡು ಬಿಡ್ಲಿ."

ರಸ್ತೆ ಏಳುವುದರೊಳಗೆ. ಇವರ ದಿನದ ಮೊದಲ ಕೆಲಸವೇ ಅದು. ಹೊಗೆ ಅಳೆಯುವ ಯಂತ್ರಕ್ಕೆ ಮೊದಲು ಹೊಗೆಯಿಲ್ಲದಿರುವುದು ಹೇಗಿರುತ್ತದೆ ಎಂದು ತಿಳಿಸಬೇಕು. ದಿನಾ ಬೆಳಗ್ಗೆ ಅದು ಒಂದಿಷ್ಟು ಗಾಳಿ ಒಳಗೆ ಎಳೆದುಕೊಂಡು, ಇದೇ ಸೊನ್ನೆ ಎಂದು ಮನಸ್ಸಿಗೆ ಹಾಕಿಕೊಳ್ಳುತ್ತದೆ. ಆಮೇಲೆ ಬರುವ ಪ್ರತಿ ವಾಹನದ ಹೊಗೆಯನ್ನೂ ಆ ಸೊನ್ನೆಯಿಂದಲೇ ಮೇಲಕ್ಕೆ ಎಣಿಸುತ್ತದೆ.

"ತಕ್ಕಡಿ ಇದ್ದ ಹಾಗೆ," ಎನ್ನುತ್ತಾರೆ ಇವರು. "ಬರಿ ತಟ್ಟೆ ಇದ್ದಾಗ ಮುಳ್ಳು ಮಧ್ಯಕ್ಕೆ ನಿಲ್ಬೇಕು. ತಟ್ಟೆ ತಳಕ್ಕೆ ಯಾರಾದ್ರೂ ಮೇಣ ಅಂಟಿಸಿದ್ರೆ, ಆಮೇಲೆ ನೀವು ಎಷ್ಟು ಪ್ರಾಮಾಣಿಕವಾಗಿ ತೂಗಿದ್ರೂ ಅದು ಮೋಸಾನೇ."

ಚಾಲಕರು ಇವರನ್ನು ಸೊನ್ನೆಯಕ್ಕ ಎನ್ನುತ್ತಾರೆ. ಮೊದಲು ಗೇಲಿಗೆ ಇಟ್ಟ ಹೆಸರು. ಈಗ ಅರ್ಧ ಗೇಲಿ, ಅರ್ಧ ಮರ್ಯಾದೆ. ನಾವೂ ಅದೇ ಹೆಸರಿನಿಂದ ಕರೆಯೋಣ. ಸ್ವಂತ ಹೆಸರು ಹೇಳಿದರೆ ಈ ರಸ್ತೆಯಲ್ಲಿ ಯಾರಿಗೂ ಗುರುತು ಹತ್ತುವುದಿಲ್ಲ.

ಶಟರ್ ಎತ್ತುವ ಹೊತ್ತಿಗೆ ಮೊದಲ ವ್ಯಾನು ಬಾಗಿಲಲ್ಲಿ ನಿಂತಿದೆ. ಅದರ ಚಾಲಕನಿಗೆ ಹಾರನ್ ಅಣ್ಣ ಎಂದು ಹೆಸರು. ವ್ಯಾನಿನ ಹಾರನ್ ಕೆಟ್ಟು ಎಷ್ಟೋ ಕಾಲವಾಗಿದೆ, ಈತನ ಗಂಟಲು ಆ ಕೊರತೆ ತುಂಬುತ್ತದೆ.

"ಅಕ್ಕಾ, ಬೇಗ ಬಿಡಕ್ಕ! ಮಕ್ಕಳು ಕಾಯ್ತಿರ್ತವೆ."

"ಎಂಜಿನ್ ಬಿಸಿಯಾಗ್ಲಿ, ತಡಿ."

"ನಾನೇ ಬಿಸಿಯಾಗಿದೀನಲ್ಲ, ಸಾಲದಾ?"

"ನಿನ್ನ ಬಾಯಿಗೆ ನಳಿಕೆ ಇಟ್ರೆ ಯಂತ್ರ ಸುಟ್ಟೋಗುತ್ತೆ. ಸುಮ್ನೆ ಕೂತ್ಕೊ."

ಸೊನ್ನೆಯಕ್ಕ ನೆಲಕ್ಕೆ ಗೋಣಿಚೀಲ ಹಾಸಿ ವ್ಯಾನಿನ ಹಿಂದೆ ಮಂಡಿಯೂರುತ್ತಾರೆ. ಒದ್ದೆ ಬಟ್ಟೆಯನ್ನು ಸೈಲೆನ್ಸರಿನ ಬೆಸುಗೆಗಳ ಮೇಲೆ ಸುತ್ತಿ ಕಿವಿಗೊಡುತ್ತಾರೆ. ಎಲ್ಲಾದರೂ ತೂತಿದ್ದರೆ ಬಟ್ಟೆ ಬುಸುಗುಡುತ್ತದೆ. ತೂತಿರುವ ಸೈಲೆನ್ಸರು ದಾರಿಯಲ್ಲೇ ಹೊಗೆ ಕಾರಿಕೊಂಡು, ತುದಿಯಲ್ಲಿ ಮಾತ್ರ ಸಾಧುವಿನಂತೆ ಉಸಿರಾಡುತ್ತದೆ. ಆಮೇಲೆ ಯಂತ್ರದ ನಳಿಕೆಯನ್ನು ಹೊಗೆಕೊಳವೆಯ ಒಳಕ್ಕೆ, ಮೊಣಕೈಯುದ್ದ ಇಳಿಸುತ್ತಾರೆ. ತುದಿಯಲ್ಲೇ ಬಿಟ್ಟರೆ ಹೊರಗಿನ ಗಾಳಿ ಬೆರೆತು ಹಾಲಿಗೆ ನೀರು ಹಾಕಿದಂತಾಗುತ್ತದೆ.

"ರೇಸ್ ಕೊಡು. ಪೂರ್ತಿ ಒತ್ತು. ಮೊಟ್ಟೆ ಮೇಲೆ ಕಾಲಿಟ್ಟ ಹಾಗೆ ಒತ್ತಬೇಡ."

ಎಂಜಿನ್ ಅರಚುತ್ತದೆ. ಕಪ್ಪು ಉಂಡೆಯೊಂದು ಹೊರಗೆ ಬೀಳುತ್ತದೆ.

"ಅಯ್ಯೋ ಅಕ್ಕ, ಹೋಯ್ತು!"

"ಮೊದಲ್ನೇ ಕೆಮ್ಮು ಲೆಕ್ಕಕ್ಕಿಲ್ಲ. ಅದು ರಾತ್ರಿಯೆಲ್ಲಾ ಕಟ್ಕೊಂಡಿದ್ದ ಕಫ. ಇನ್ನೊಂದ್ಸಲ ಕೊಡು."

ಮತ್ತೆ ಮತ್ತೆ ರೇಸ್ ಕೊಡಿಸಿ, ಅಂಕಿ ಒಂದೇ ಕಡೆ ನಿಲ್ಲುವವರೆಗೆ ಬಿಡುವುದಿಲ್ಲ. ಇಂದು ಹಾರನ್ ಅಣ್ಣನ ವ್ಯಾನು ಪಾಸಾಗುತ್ತದೆ. ಆತ ಸರ್ಟಿಫಿಕೇಟನ್ನು ಕಣ್ಣಿಗೊತ್ತಿಕೊಂಡು, "ನನ್ನ ಹೆಂಡ್ತಿ ಸಹ ನನ್ನನ್ನ ಇಷ್ಟು ಪರೀಕ್ಷೆ ಮಾಡ್ಲಿಲ್ಲ ಮದುವೆ ಮುಂಚೆ," ಎನ್ನುತ್ತಾನೆ. "ಮಾಡಿದ್ರೆ ನೀನೆಲ್ಲಿ ಪಾಸಾಗ್ತಿದ್ದೆ?" ಎನ್ನುತ್ತಾರೆ ಸೊನ್ನೆಯಕ್ಕ. ವ್ಯಾನು ಹೊರಡುತ್ತದೆ. ಅದರ ಹಿಂದೆ ಕಾಣುವಂಥ ಹೊಗೆ ಇಲ್ಲ. ಅವರು ಅದು ತಿರುವು ದಾಟುವವರೆಗೂ ನೋಡುತ್ತಾರೆ. ಹಿಂದಿನ ಸೀಟಿನ ಕಿಟಕಿಯನ್ನು.

ಆ ಹಿಂದಿನ ಸೀಟಿನಲ್ಲಿ ಇವರ ಮಗಳು ಕೂರುತ್ತಿದ್ದಳು.

ಅಂಗಡಿ ಇವರ ಭಾವನದು, ಗಂಡನ ಅಣ್ಣನದು. ಗಂಡ ದೂರದೂರುಗಳಿಗೆ ಲಾರಿ ಓಡಿಸುತ್ತಾರೆ. ಮಗಳು ಎದೆಹಾಲು ಬಿಟ್ಟ ಮೇಲೆ, ಮನೆಯಲ್ಲಿ ಸುಮ್ಮನೆ ಕೂರುವುದೇಕೆ ಎಂದು ಸೊನ್ನೆಯಕ್ಕ ಕೆಳಗಿಳಿದು ಯಂತ್ರದ ಮುಂದೆ ಕೂತರು. ಕಂಪನಿಯಿಂದ ಬಂದವನು ಒಂದು ಮಧ್ಯಾಹ್ನದಲ್ಲಿ ಕಲಿಸಿ ಹೋದ. ಗುಂಡಿ ಒತ್ತಿ, ಹಸಿರು ದೀಪ ಬರಲಿ, ನಳಿಕೆ ಇಡಿ, ಚೀಟಿ ಹರಿದು ಕೊಡಿ. ಗಾಳಿ ಎಲ್ಲಿಂದ ಬರುತ್ತದೆ ಎಂದು ಅವನು ಹೇಳಲಿಲ್ಲ. ಇವರು ಕೇಳಲಿಲ್ಲ.

ಯಂತ್ರದ ಬೆನ್ನಿನಲ್ಲಿ ಗಾಳಿ ಎಳೆಯುವ ತೂತಿತ್ತು. ಅದರ ಹಿಂದೆ ಗೋಡೆ. ಗೋಡೆಯ ಆಚೆ ಜನರೇಟರ್. ಬೆಳಗಿನ ಹೊತ್ತು ಕರೆಂಟು ಕೈಕೊಡುವುದು ಈ ಕಡೆ ಮಾಮೂಲು. ಹಾಗಾಗಿ ಅಂಗಡಿಯ ವಾಡಿಕೆಯೇ ಹೀಗಿತ್ತು: ಮೊದಲು ಜನರೇಟರ್ ಹಾಕು, ಆಮೇಲೆ ಯಂತ್ರ ಹಾಕು. ಜನರೇಟರಿನ ಹೊಗೆಕೊಳವೆ ಗೋಡೆಯ ಬಿರುಕಿನ ಬಳಿಯೇ ಸೀಳಿತ್ತು. ಹೊಗೆ ಬಿರುಕಿನಲ್ಲಿ ಒಳನುಗ್ಗಿ ನೇರ ಯಂತ್ರದ ಬೆನ್ನಿಗೆ ಬಡಿಯುತ್ತಿತ್ತು. ಯಂತ್ರ ಅದನ್ನು ಕುಡಿದು, ಜಗತ್ತಿನ ಗಾಳಿ ಇಷ್ಟೇ ಎಂದುಕೊಂಡು, ಸೊನ್ನೆ ತೋರಿಸುತ್ತಿತ್ತು. ಆ ಸೊನ್ನೆಯ ಮೇಲೆ ಎಂಥ ಗುಜರಿ ವ್ಯಾನೂ ಪಾಸಾಗುತ್ತಿತ್ತು.

ತಪಾಸಣೆಗೆ ಬರುವವರು ಬರುತ್ತಲೇ ಇದ್ದರು. ಯಂತ್ರದ ಮೇಲಿನ ಮೊಹರು ನೋಡಿದರು. ಗೋಡೆಯ ಮೇಲಿನ ಲೈಸೆನ್ಸ್ ನೋಡಿದರು. ಯಂತ್ರ ಏನನ್ನು ಉಸಿರಾಡುತ್ತಿದೆ ಎಂದು ಒಬ್ಬರೂ ಬಗ್ಗಿ ನೋಡಲಿಲ್ಲ. ಬಗ್ಗಿದರೆ ಪ್ಯಾಂಟಿನ ಮಡಿಕೆ ಹಾಳಾಗುತ್ತದೆ. ಕಾರಿನ ಗಾಜು ಏರಿಸಿಕೊಂಡು ಓಡಾಡುವವರಿಗೆ ಹೊಗೆ ಎಂದರೆ ಕಾಗದದ ಮೇಲಿನ ಅಂಕಿ. ವಾಹನದ ಹೊಗೆಕೊಳವೆ ಎಷ್ಟು ಎತ್ತರದಲ್ಲಿರುತ್ತದೆ ಎಂದು ಒಮ್ಮೆ ರಸ್ತೆಗಿಳಿದು ನೋಡಿ. ಫುಟ್‌ಪಾತಿನ ಮೇಲೆ ಅಮ್ಮನ ಕೈ ಹಿಡಿದು ನಿಂತ ಮಗುವಿನ ಮೂಗೂ ಅದಕ್ಕಿಂತ ಬಹಳ ಮೇಲಿರುವುದಿಲ್ಲ.

ಮಗಳಿಗೆ ಅಜ್ಜಿ ಇಟ್ಟ ಅಡ್ಡಹೆಸರು ಪೀಪಿ. ಹುಟ್ಟಿದಾಗ ಅವಳ ಅಳು ಜಾತ್ರೆಯಲ್ಲಿ ಮಾರುವ ಪೀಪಿಯ ಹಾಗೆ ಸಣ್ಣಗೆ ಎಳೆಯುತ್ತಿತ್ತಂತೆ. ಶಾಲೆಗೆ ಹೋಗತೊಡಗಿದ ಮೇಲೆ ಅವಳ ಎದೆಯೇ ಪೀಪಿ ಊದತೊಡಗಿತು. ಆಟದಿಂದ ಬಂದರೆ ಊದುತ್ತಿತ್ತು, ಮೆಟ್ಟಿಲು ಹತ್ತಿದರೆ ಊದುತ್ತಿತ್ತು, ಕಡೆಗೆ ಮಲಗಿದರೂ ಊದುತ್ತಿತ್ತು. ಅಜ್ಜಿ ಆ ಹೆಸರು ಕರೆಯುವುದನ್ನು ಬಿಟ್ಟರು.

"ನಾಲಿಗೇಲಿ ಮಚ್ಚೆ ಇದೆ ನಂಗೆ," ಎನ್ನುತ್ತಾರೆ ಆ ಮುದುಕಿ, ಚಹಾ ಲೋಟ ಕೆಳಗಿಡುತ್ತ. "ತಮಾಷೆಗೆ ಅಂದಿದ್ದು ಕೂಸಿನ ಎದೇಲಿ ಕೂತ್ಬಿಡ್ತು."

ಡಾಕ್ಟರು ಮದ್ದು ಕೊಟ್ಟರು, ಪುಸ್ಸೆಂದು ಬಾಯಿಗೆ ಹೊಡೆದುಕೊಳ್ಳುವ ಡಬ್ಬಿ ಕೊಟ್ಟರು, ಕೊನೆಗೆ ಮದ್ದಿನ ಮೇಲೆ ತಮಗೇ ಬೇಸರ ಬಂದವರಂತೆ, "ಬೇರೆ ಗಾಳಿ ಸಿಗೋ ಕಡೆ ಯಾರಾದ್ರೂ ನೆಂಟರಿದ್ದಾರಾ?" ಎಂದು ಕೇಳಿದರು. ಸಮುದ್ರದ ದಡದ ಸಣ್ಣ ಊರಲ್ಲಿ ಸೊನ್ನೆಯಕ್ಕನ ಅಣ್ಣ ಇದ್ದಾನೆ. ಸೈಕಲ್ ರಿಪೇರಿ ಅಂಗಡಿ. "ನಿನ್ನ ಗಿರಾಕಿಗಳು ಹೊಗೆ ಬಿಡ್ತಾರೆ, ನನ್ನ ಗಿರಾಕಿಗಳು ಬೀಡಿ ಸೇದಿದ್ರೆ ಉಂಟು," ಎಂದು ತಂಗಿಯನ್ನು ರೇಗಿಸುವ ಮನುಷ್ಯ. ಅವನು ಬಂದು ತಂಗಿಯ ಮಗಳನ್ನು ಕರೆದುಕೊಂಡು ಹೋದ. ಏಳು ವರ್ಷದ ಹುಡುಗಿ ಬಸ್ಸಿನ ಕಿಟಕಿಯಿಂದ ಕೈ ಬೀಸಲಿಲ್ಲ. ಕೈಯಲ್ಲಿ ಡಬ್ಬಿ ಇತ್ತು.

ಅವಳು ಹೋಗಿ ಕೆಲವು ತಿಂಗಳಾದ ಮೇಲೆ ಒಂದು ಬೆಳಗ್ಗೆ ಜನರೇಟರ್ ಕೆಟ್ಟಿತು. ಅಂದು ಅದೃಷ್ಟಕ್ಕೆ ಕರೆಂಟಿತ್ತು. ಯಂತ್ರ ಅದೊಂದು ದಿನ ಜನರೇಟರಿನ ಹೊಗೆ ಕುಡಿಯದೆ ಸೊನ್ನೆ ಕೂರಿಸಿಕೊಂಡಿತು. ಹಾರನ್ ಅಣ್ಣನ ವ್ಯಾನು ಬಂತು. ಕೆಂಪು ದೀಪ. ಮತ್ತೊಮ್ಮೆ ಹಿಡಿದರು, ಕೆಂಪು. ಆತ ರಸ್ತೆಗೆಲ್ಲ ಕೇಳುವಂತೆ ಕೂಗಾಡಿದ: "ಎಂಜಿನ್ ಮುಟ್ಟೇ ಇಲ್ಲ ನಾನು! ಆರು ತಿಂಗಳ ಹಿಂದೆ ಪಾಸಾಗಿದ್ದು ಇದೇ ಗಾಡಿ, ಇದೇ ಯಂತ್ರ, ಇದೇ ನೀವು!"

ಯಂತ್ರ ಕೆಟ್ಟಿದೆ ಎಂದುಕೊಂಡರು ಸೊನ್ನೆಯಕ್ಕ. ಮಾರನೇ ದಿನ ಜನರೇಟರ್ ರಿಪೇರಿಯಾಗಿ ಬಂತು, ಅದೇ ವ್ಯಾನು ಪಾಸಾಯಿತು. ಅದರ ಮಾರನೇ ದಿನ ಆ ವ್ಯಾನನ್ನು ಮತ್ತೆ ಕರೆಸಿ, ಬೇಕೆಂದೇ ಜನರೇಟರ್ ಹಾಕದೆ ನೋಡಿದರು. ಫೇಲಾಯಿತು. ಆಗ ಬಗ್ಗಿ ಯಂತ್ರದ ಬೆನ್ನು ನೋಡಿದರು. ಗೋಡೆಯ ಬಿರುಕಿನ ಸುತ್ತ ಸುಣ್ಣ ಕಪ್ಪಾಗಿತ್ತು. ಬೆರಳಿಟ್ಟರೆ ಮಸಿ.

"ಆವತ್ತು ಮೇಲೆ ಹೋಗಿ ಊಟ ಬಡಿಸ್ದೆ, ಪಾತ್ರೆ ತೊಳ್ದೆ," ಎನ್ನುತ್ತಾರೆ. ದನಿಯಲ್ಲಿ ಏರಿಳಿತವಿಲ್ಲ. "ತೊಳೀತಾ ತೊಳೀತಾ ಹೊಳೀತು. ಆ ವ್ಯಾನಿಗೆ ಚೀಟಿ ಹರ್ದು ಕೊಡ್ತಿದ್ದೋಳು ನಾನು. ಹಿಂದಿನ ಸೀಟಲ್ಲಿ ಮಗಳನ್ನ ಕೂರ್ಸಿ ಬೆಲ್ಟ್ ಹಾಕ್ತಿದ್ದೋಳೂ ನಾನೇ."

ಆ ಸೀಟಿನ ಕೆಳಗೆ ತಗಡು ತೂತಾಗಿತ್ತು. ಹೊಗೆ ಅಲ್ಲಿಂದಲೇ ಒಳಕ್ಕೆ ಬರುತ್ತಿತ್ತು. ಮಕ್ಕಳು ಹಿಂದಿನ ಸೀಟಿಗಾಗಿ ಜಗಳವಾಡುತ್ತಿದ್ದರು, ಚಳಿಗಾಲದಲ್ಲಿ ಅಲ್ಲಿ ಬೆಚ್ಚಗಿರುತ್ತದೆ ಎಂದು.

ಭಾವನಿಗೆ ಹೇಳಿದಾಗ ಅವರು ತಲೆ ಮೇಲೆ ಕೈ ಹೊತ್ತು ಕೂತರು. ಕೆಟ್ಟ ಮನುಷ್ಯರಲ್ಲ. ಅಂಗಡಿಯ ಮೂಲೆಯಲ್ಲಿ ಬಣ್ಣದ ಮೀನು ಸಾಕಿದ್ದರು. ಮೀನುಗಳೂ ಒಂದೊಂದಾಗಿ ಸತ್ತಿದ್ದವು, ಯಾಕೆಂದು ತಿಳಿದಿರಲಿಲ್ಲ. ಬರಿದಾದ ತೊಟ್ಟಿಯ ಪಂಪು ಬಿಚ್ಚಿ ಕೊಟ್ಟವರು ಅವರೇ. "ತಗೊಳಮ್ಮ, ಮೀನಿಗಂತೂ ಆಗ್ಲಿಲ್ಲ," ಎಂದರು. ಗೋಡೆ ಹತ್ತಿ ಪೈಪು ಕಟ್ಟಿಕೊಟ್ಟವರೂ ಅವರೇ. ಜನರೇಟರನ್ನು ಹಿತ್ತಲ ಆಚೆ ತುದಿಗೆ ದೂಡಿಸಿದರು. ಈಗ ಯಂತ್ರ ಸೊನ್ನೆ ಕೂರಿಸಿಕೊಳ್ಳುವ ಮುಂಚೆ ಅದನ್ನು ಹಾಕುವುದಿಲ್ಲ, ಕರೆಂಟಿಲ್ಲದಿದ್ದರೆ ಬರುವವರೆಗೆ ಕಾಯುತ್ತಾರೆ.

ತಾರಸಿಯ ಗಾಳಿಯೂ ಪೂರ್ತಿ ಸೊನ್ನೆಯಲ್ಲ. ಅದು ಸೊನ್ನೆಯಕ್ಕನಿಗೆ ಗೊತ್ತು. "ಈ ಊರಲ್ಲಿ ಸೊನ್ನೆ ಅನ್ನೋದು ಇಲ್ವೇ ಇಲ್ಲ. ಇದ್ದಿದ್ರಲ್ಲಿ ಹತ್ತಿರದ್ದು ಮಹಡಿ ಮೇಲೆ ಸಿಗುತ್ತೆ ಅಷ್ಟೇ. ಸೊನ್ನೆ ಇರೋದು ನಮ್ಮಣ್ಣನ ಊರಲ್ಲಿ."

ಆ ಊರಿಗೆ ಇವರು ಹೋಗುವುದು ಅಪರೂಪ. ಹೋದ ಸಲ ಬಸ್ಸಿಳಿದಾಗ ಮಗಳು ದಡದಲ್ಲಿ ಹುಡುಗರ ಜೊತೆ ಓಡುತ್ತಿದ್ದಳಂತೆ. ಕೂಗಬೇಕೆಂದು ಬಾಯಿ ತೆರೆದವರು ಹಾಗೇ ನಿಂತರು. "ಓಡ್ತಾನೇ ಇದ್ಲು. ಕೂಗಿದ್ರೆ ನಿಂತ್ಬಿಡ್ತಾಳಲ್ಲ, ಅದಕ್ಕೆ ಕೂಗ್ಲಿಲ್ಲ. ನನ್ನನ್ನ ನೋಡೋ ಹೊತ್ತಿಗೆ ಸಂಜೆ ಆಗಿತ್ತು." ಹೇಳುವಾಗ ಅವರ ಕೈ ನಳಿಕೆಯ ತುದಿಯನ್ನು ಬಟ್ಟೆಯಿಂದ ಉಜ್ಜುತ್ತಲೇ ಇರುತ್ತದೆ. ಅದು ಆಗಲೇ ಫಳಫಳ ಹೊಳೆಯುತ್ತಿದೆ.

ಗಂಡನ ಲಾರಿ ಆ ಕಡೆ ಹೋದಾಗಲೆಲ್ಲ ಮಗಳನ್ನು ನೋಡಿ ಬರುತ್ತದೆ. "ಲಾರಿ ನೋಡಿ ಬರುತ್ತೆ" ಎಂದೇ ಹೇಳುತ್ತಾರೆ ಇವರು, ಹೊಟ್ಟೆಕಿಚ್ಚಿಗೆ. ವಾಪಸು ಬರುವಾಗ ಗಂಡ ಮಗಳಿಗೆ ಗಿಡ್ಡವಾದ ಬಟ್ಟೆ ತರುತ್ತಾರೆ, ನೆರೆಮನೆಯ ಚಿಕ್ಕ ಮಗುವಿಗೆ ಆಗಲಿ ಎಂದು. ಅವನ್ನು ಯಾರಿಗೂ ಕೊಟ್ಟಿಲ್ಲ. ಮಂಚದ ಮೇಲೆ ಹೊಸದಾಗಿ ಬಂದ ಫ್ರಾಕಿನ ಪಕ್ಕ ಹಿಂದಿನ ಸಲ ಬಂದದ್ದನ್ನು ಹಾಸಿ, ತೋಳಿಗೆ ತೋಳು ಇಟ್ಟು ನೋಡುತ್ತಾರೆ. ಅಲ್ಲೆಲ್ಲೋ ಎತ್ತರವಾಗುತ್ತಿರುವ ಹುಡುಗಿಯ ಅಳತೆ ಇವರಿಗೆ ಸಿಗುವುದು ಅವಳು ಬಿಟ್ಟ ಬಟ್ಟೆಗಳಲ್ಲಿ.

ಸಂಜೆಯ ಫೋನಿನಲ್ಲಿ ಮಾತು ಕಡಿಮೆ. "ಫೋನು ಎದೆ ಮೇಲಿಡು," ಎನ್ನುತ್ತಾರೆ. ಮಗಳು ಇಡುತ್ತಾಳೆ. ಇವರು ಶಟರ್ ಎಳೆದು, ಒಂದು ಕಿವಿ ಬೆರಳಿನಿಂದ ಮುಚ್ಚಿಕೊಂಡು ಆಲಿಸುತ್ತಾರೆ.

"ಏನಾದ್ರೂ ಕೇಳಿಸ್ತಾ ಅಮ್ಮ?"

"ಇಲ್ಲ."

"ಮತ್ಯಾಕೆ ಅಷ್ಟೊತ್ತು ಕೇಳ್ತೀಯ?"

ಮೊನ್ನೆ ಮಗಳು ಮಾತಿನ ನಡುವೆ, "ನಮ್ಮನೇಲಿ ನಿನ್ನೆ ಕರೆಂಟಿರ್ಲಿಲ್ಲ," ಎಂದಳು. ಇಲ್ಲಿ ನಿನ್ನೆಯೆಲ್ಲ ಕರೆಂಟಿತ್ತು. ಸೊನ್ನೆಯಕ್ಕನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಯಾವ ಮನೆ ಎಂದು ಕೇಳಲಿಲ್ಲ. "ಹೌದಾ, ಸೊಳ್ಳೆ ಕಚ್ತಾ?" ಎಂದು ಕೇಳಿದರು.

ಅವಳನ್ನು ಕರೆಸಿಕೊಳ್ಳಬೇಕು. ಇವರ ಬದುಕಿನಲ್ಲಿ ಈಗ ಇರುವ ಆಸೆ ಇದೊಂದೇ. ಎದೆ ಎಷ್ಟೋ ವಾಸಿ ಎಂದು ಆ ಊರಿನ ಡಾಕ್ಟರೂ ಹೇಳಿದ್ದಾರೆ, ಆದರೆ ಹಳೇ ಹೊಗೆಗೆ ಮತ್ತೆ ಕೂರಿಸಬೇಡಿ ಎಂದೂ ಹೇಳಿದ್ದಾರೆ. ಮಗಳ ಶಾಲೆ ಇದೇ ರಸ್ತೆಯ ಆ ತುದಿಯಲ್ಲಿ, ಮಕ್ಕಳು ನಡೆದು ಹೋಗಲಾಗದಷ್ಟು ದೂರದಲ್ಲಿದೆ. ಅದರ ಗೇಟಿನ ಮುಂದೆ ಬೆಳಗ್ಗೆ ಸಂಜೆ ವ್ಯಾನುಗಳು ಎಂಜಿನ್ ಆರಿಸದೆ ಸಾಲುಗಟ್ಟಿ ನಿಲ್ಲುತ್ತವೆ. ಆ ಸಾಲು ಶುದ್ಧವಾದರೆ ಮಗಳು ಬರಬಹುದು. ಸೊನ್ನೆಯಕ್ಕ ಒಂದೊಂದೇ ವ್ಯಾನನ್ನು ಹಿಡಿದು ಅಳೆಯುತ್ತಿರುವುದು ಅದಕ್ಕೇ. ಹಾರನ್ ಅಣ್ಣ ಮೂರು ವಾರ ಮುನಿಸಿಕೊಂಡು, ಆಮೇಲೆ ಎಂಜಿನ್ ಬಿಚ್ಚಿಸಿದ, ಸೀಟಿನ ಕೆಳಗಿನ ತಗಡಿಗೆ ಬೆಸುಗೆ ಹಾಕಿಸಿದ. ಅವನನ್ನು ನೋಡಿ ಇನ್ನೂ ಕೆಲವರು ಮಾಡಿಸಿದರು.

ಎಲ್ಲರೂ ಅಲ್ಲ. ರಸ್ತೆಯಾಚೆ ಇನ್ನೊಂದು ಅಂಗಡಿ ಇದೆ. ಅಲ್ಲಿ ಗಾಡಿ ತರುವುದೂ ಬೇಡ, ನಂಬರು ಹೇಳಿದರೆ ಸಾಕು. "ಅವನ ಯಂತ್ರಕ್ಕೆ ದಿವ್ಯದೃಷ್ಟಿ," ಎಂದು ನಗುತ್ತಾರೆ ಚಾಲಕರು. ಗಿರಾಕಿಗಳು ಅತ್ತ ಹರಿದರು. ಇತ್ತ ಭಾವ ಖಾಲಿ ಅಂಗಡಿಯಲ್ಲಿ ನೊಣ ಹೊಡೆಯುತ್ತ ಕೂರುವ ದಿನಗಳು ಹೆಚ್ಚಾದವು. ಆದರೂ ಪೈಪಿನ ಬಗ್ಗೆ ಒಂದು ಮಾತಾಡಲಿಲ್ಲ. ಇವತ್ತಿನವರೆಗೆ.

ಇವತ್ತು ಬೆಳಗ್ಗೆ ಹಾರನ್ ಅಣ್ಣ ಹೊರಟ ಹಿಂದೆಯೇ ಹಳದಿ ವ್ಯಾನುಗಳ ಸಾಲೊಂದು ಬಂದು ರಸ್ತೆಗುಂಟ ನಿಲ್ಲುತ್ತದೆ. ಶಾಲೆಯ ಹೊಸ ಗುತ್ತಿಗೆದಾರರದು. ಬೇರೆಲ್ಲೋ ಓಡಿ ಸವೆದ ವ್ಯಾನುಗಳಿಗೆ ಹೊಸ ಬಣ್ಣ ಹೊಡೆಸಿದ್ದಾರೆ. ಬಣ್ಣದ ವಾಸನೆ ಇನ್ನೂ ಹೋಗಿಲ್ಲ. ಗುತ್ತಿಗೆದಾರರಿಗೆ ರಸ್ತೆಯಾಚೆಯ ಅಂಗಡಿ ಸಾಲದು. ಕಾರಣ, ಮಕ್ಕಳ ತಂದೆತಾಯಂದಿರು ಶಾಲೆಯಲ್ಲಿ ಕೂತು ಹಟ ಹಿಡಿದಿದ್ದಾರೆ, ಮಹಡಿ ಪೈಪಿನ ಅಂಗಡಿಯ ಚೀಟಿಯೇ ಬೇಕು ಎಂದು. ಸುಳ್ಳು ಹೇಳದ ಯಂತ್ರದ ಚೀಟಿಗೆ ಬೆಲೆ ಬಂದಿದೆ. ಆ ಬೆಲೆಗಾಗಿಯೇ ಅದರಿಂದ ಒಂದು ಸುಳ್ಳು ಹೇಳಿಸಬೇಕಾಗಿದೆ.

ಮೊದಲನೇ ಹಳದಿ ವ್ಯಾನು ಫೇಲ್. ಎರಡನೆಯದೂ ಫೇಲ್. ಮೂರನೆಯದಕ್ಕೆ ಒದ್ದೆ ಬಟ್ಟೆ ಸುತ್ತಿದರೆ ಮೂರು ಕಡೆ ಬುಸುಗುಡುತ್ತದೆ. ಗುತ್ತಿಗೆದಾರರು ಕೂಗಾಡುವುದಿಲ್ಲ. ಬಿಳಿ ಅಂಗಿಯ ತೋಳು ಸರಿಮಾಡಿಕೊಂಡು, ಮನೆಯ ಹಿರಿಯನ ದನಿಯಲ್ಲಿ ಮಾತಾಡುತ್ತಾರೆ.

"ನಿಮ್ಮ ಮಗಳ ವಿಷಯ ಕೇಳಿದೆ ತಾಯಿ. ಪಾಪ, ಅಷ್ಟು ಸಣ್ಣ ಮಗು ಅಪ್ಪ ಅಮ್ಮನ್ನ ಬಿಟ್ಟಿರೋದಂದ್ರೆ. ಅವಳ ಸೀಟು ಬೇರೆಯವರಿಗೆ ಹೋಗಿದೆಯಂತಲ್ಲ ಸ್ಕೂಲಲ್ಲಿ? ನಾನು ಸ್ಕೂಲ್ ಕಮಿಟೀಲಿದೀನಿ. ಒಂದು ಮಾತು ಹೇಳಿದ್ರೆ ಆಗೋಯ್ತು. ನಮ್ಮ ವ್ಯಾನಲ್ಲೇ ಬರ್ಲಿ. ಮುಂದಿನ ಸೀಟು, ಕಿಟಕಿ ಪಕ್ಕ."

ಸೊನ್ನೆಯಕ್ಕ ನಳಿಕೆ ಒರೆಸುತ್ತಾರೆ. ಗುತ್ತಿಗೆದಾರರು ಭಾವನ ಭುಜದ ಮೇಲೆ ಕೈಹಾಕಿ ಹೊರಗೆ ಕರೆದೊಯ್ಯುತ್ತಾರೆ. ಟೈರ್ ಅಂಗಡಿಯ ಮುಂದೆ ನಿಂತು ಇಬ್ಬರೂ ಬಹಳ ಹೊತ್ತು ಮಾತಾಡುತ್ತಾರೆ, ಅಥವಾ ಒಬ್ಬರು ಮಾತಾಡುತ್ತಾರೆ, ಒಬ್ಬರು ನೆಲ ನೋಡುತ್ತಾರೆ. ಭಾವ ಒಮ್ಮೆ ಜೇಬಿನಿಂದ ಫೋನು ತೆಗೆದು ಯಾರಿಗೋ ಏನೋ ಹೇಳುತ್ತಾರೆ. ಆಮೇಲೆ ಒಬ್ಬರೇ ಒಳಗೆ ಬರುತ್ತಾರೆ.

"ನೋಡಮ್ಮ," ಎನ್ನುತ್ತಾರೆ, ಯಂತ್ರದ ಕಡೆ ಮುಖ ಮಾಡಿ. "ಇವತ್ತೊಂದಿನ. ಪೈಪು ಕೆಳಗಿಳಿಸು. ಜನರೇಟರನ್ನ ಹಳೇ ಜಾಗಕ್ಕೆ ತರಿಸ್ತೀನಿ. ನಾಳೆಯಿಂದ ಮತ್ತೆ ನಿನ್ನಿಷ್ಟ."

"ಇವತ್ತಿನ ಚೀಟಿ ಆರು ತಿಂಗಳು ಓಡುತ್ತೆ ಭಾವ."

"ನಂಗೊತ್ತಿಲ್ವಾ? ಆರು ತಿಂಗಳಲ್ಲಿ ರಿಪೇರಿ ಮಾಡಿಸ್ತೀನಿ ಅಂದಿದ್ದಾರೆ. ಅಂಗಡಿ ಉಳ್ಕೊಳ್ಳುತ್ತೆ. ಮಗು ಮನೆಗೆ ಬರುತ್ತೆ. ನಾನೇನು ನನಗೋಸ್ಕರ ಕೇಳ್ತಿದೀನಾ?"

ಮೆಟ್ಟಿಲ ಮೇಲೆ ಅತ್ತೆ ಬಂದು ನಿಂತಿದ್ದಾರೆ. ಸದಾ ಒಂದು ಕುಚೋದ್ಯ ಇಟ್ಟುಕೊಂಡಿರುವ ಬಾಯಲ್ಲಿ ಈಗ ಕುಚೋದ್ಯವಿಲ್ಲ. "ಒಂದೇ ದಿನ ಕಣೇ," ಎನ್ನುತ್ತಾರೆ. "ನಂಗೂ ವಯಸ್ಸಾಯ್ತು. ಕೂಸಿನ ತಲೆ ಬಾಚಿ ಎಷ್ಟು ಕಾಲವಾಯ್ತು. ಒಂದೇ ದಿನ."

ಸೊನ್ನೆಯಕ್ಕ ಅತ್ತೆಯ ಮುಖ ನೋಡುತ್ತಾರೆ. ಈ ಮನೆಯಲ್ಲಿ ಈ ಮುದುಕಿಗೆ ಇವರು ಎಂದೂ ಎದುರಾಡಿಲ್ಲ. ಎದುರಾಡುವ ಸಂದರ್ಭವೇ ಬಂದಿಲ್ಲ. ಬಾಯಿ ತೆರೆಯುವುದರೊಳಗೆ ಮೇಜಿನ ಮೇಲಿನ ಫೋನು ಹೊಡೆದುಕೊಳ್ಳುತ್ತದೆ. ಹೊತ್ತಲ್ಲದ ಹೊತ್ತಿನಲ್ಲಿ ಅಣ್ಣನ ಊರಿನ ಕರೆ.

"ಅಮ್ಮಾ! ದೊಡ್ಡಪ್ಪ ಫೋನ್ ಮಾಡಿದ್ರು! ಬರ್ಬಹುದಂತೆ! ಬ್ಯಾಗ್ ಕಟ್ಕೊಳ್ಳಾ?"

ಭಾವ ಬೇರೆ ಕಡೆ ನೋಡುತ್ತಾರೆ.

ಸೊನ್ನೆಯಕ್ಕ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಾರೆ. ಹೊರಗೆ ಫೇಲಾದ ವ್ಯಾನುಗಳು ಎಂಜಿನ್ ಆರಿಸದೆ ನಿಂತಿವೆ. ಆ ಸದ್ದಿನ ನಡುವೆಯೂ ಆ ಕಡೆಯ ಉಸಿರು ಕೇಳುತ್ತದೆ. ಜೋರಾದ, ಅವಸರದ, ಅಡೆತಡೆಯಿಲ್ಲದ ಉಸಿರು.

"ಓಡ್ಕೊಂಡು ಬಂದ್ಯಾ ಫೋನಿಗೆ?"

"ಹ್ಞೂಂ! ದಡದಿಂದ ಇಲ್ಲೀತನಕ! ಎಲ್ಲೂ ನಿಲ್ಲಿಲ್ಲ! ಕಟ್ಕೊಳ್ಳಾ ಅಮ್ಮ? ಮಾವ ಬಸ್ಸು ಹತ್ತಿಸ್ತಾರಂತೆ. ನನ್ನ ಮಂಚ ಇದೆ ತಾನೆ ಅಲ್ಲಿ?"

"ಇದೆ."

"ಅಜ್ಜಿ ಅದ್ರ ಮೇಲೆ ಬಟ್ಟೆ ರಾಶಿ ಹಾಕಿದಾರಾ?"

"ಇಲ್ಲ. ಹಾಗೇ ಇದೆ."

"ಹಾಗಾದ್ರೆ ಬರ್ತೀನಿ."

ಸೊನ್ನೆಯಕ್ಕ ಹೊರಗಿನ ವ್ಯಾನುಗಳ ಕಡೆಗೆ ಬೆನ್ನು ತಿರುಗಿಸುತ್ತಾರೆ.

"ಬೇಡ ಮಗಾ. ಈಗ ಬೇಡ."

ಆ ಕಡೆಯಿಂದ, ಮೆಲ್ಲಗೆ: "ಮತ್ತೆ ಯಾವಾಗ?"

"ಗೊತ್ತಿಲ್ಲ."

"ನಿಂಗೆ ನಾನು ಬೇಡ್ವಾ?"

ಇದಕ್ಕೆ ಉತ್ತರ ಕೊಡುವ ಮೊದಲೇ ಕರೆ ಕಡಿದುಹೋಗುತ್ತದೆ. ಮತ್ತೆ ಮಾಡುತ್ತಾರೆ. ಹೊಡೆದುಕೊಳ್ಳುತ್ತದೆ, ಯಾರೂ ಎತ್ತುವುದಿಲ್ಲ. ಅತ್ತೆ ಮೆಟ್ಟಿಲ ಮೇಲೇ ಕೂತು ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಾರೆ. ಗುತ್ತಿಗೆದಾರರು ಬಾಗಿಲಲ್ಲಿ ಬಂದು ನಿಂತು, ಗಡಿಯಾರ ನೋಡಿಕೊಂಡು, ಭಾವನಿಗೆ ಕಣ್ಣಿನಲ್ಲೇ ಏನೋ ಕೇಳುತ್ತಾರೆ.

"ಏನಮ್ಮ ಇದು?" ಭಾವನ ದನಿ ಒಡೆಯುತ್ತದೆ. "ಮಗೂನ ಅಳ್ಸಿ ಏನು ಸಾಧಿಸ್ದೆ? ಹೋಗ್ಲಿ. ಅದು ಆಮೇಲೆ ನೋಡೋಣ. ಈಗ ಪೈಪು ಇಳಿಸು. ಕೇಳ್ಕೊಳ್ತಿಲ್ಲ, ಹೇಳ್ತಿದೀನಿ. ಈ ಅಂಗಡಿ ನಂದು."

"ಅಂಗಡಿ ನಿಮ್ದೇ ಭಾವ," ಎನ್ನುತ್ತಾರೆ ಸೊನ್ನೆಯಕ್ಕ. "ಪೈಪು ನಾನು ಇಳಿಸಲ್ಲ."